ನರಿ ಕೊಟ್ಟ ಶಾಂತಿ ಪ್ರಶಸ್ತಿ

ಮಾರ್ಚ್ ಹತ್ತು. ಬೆಳಿಗ್ಗೆ ಮಂಜು, ಆಮೇಲೆ ಒಳ್ಳೆಯ ಬಿಸಿಲು. ಅಂದು ಒಂದು ಕಾಡಿನಲ್ಲಿ ನರಿಯೊಂದು ಬಿದಿರಿನ ಕೊಳವೆಗೆ ಏನೇನೋ ಪುಡಿ ತುಂಬಿ, ಬಾಯಿಗೆ ಅರಗು ಮೆತ್ತಿ, ಕೆಂಡದ ಮೇಲಿಟ್ಟು ಓಡಿತು. ಢಮಾರ್! ಎದುರಿನ ಬಂಡೆ ಹೋಳಾಯಿತು. ಬಾಲದ ತುದಿ ಸುಟ್ಟಿದ್ದನ್ನೂ ಮರೆತು ನರಿ ಕುಣಿಯಿತು.

"ಇದರ ಹೆಸರು ಢಮಾರು, ಬಂಡೆ ಒಡೆದು ನೀರು ತರುವುದಕ್ಕೆ" ಎಂದು ಅದು ಎಲ್ಲರಿಗೂ ಹೇಳಿತು. ಕರಡಿಗಳ ಕಿವಿಯಲ್ಲಿ ಮಾತ್ರ, "ಹಂದಿಗಳನ್ನು ಓಡಿಸುವುದಕ್ಕೂ ಆಗುತ್ತದೆ" ಎಂದಿತು. ಹಂದಿಗಳ ಕಿವಿಯಲ್ಲಿ ಕರಡಿಗಳ ಹೆಸರು ಹೇಳಿತು. ಕರಡಿಗಳು ಜೇನು ಕೊಟ್ಟು, ಹಂದಿಗಳು ಗೆಣಸು ಕೊಟ್ಟು ಢಮಾರು ಒಯ್ದವು. ಕಾಡೆಲ್ಲ ಸದ್ದೋ ಸದ್ದು.

ಪ್ರತಿ ಸದ್ದಿಗೂ ಹೆಗ್ಗಣದ ಬಿಲ ಕುಸಿಯುತ್ತಿತ್ತು. ಒಳಗೆ ಇನ್ನೂ ಕಣ್ಣು ಬಿಡದ ಮರಿಗಳಿದ್ದವು.

"ನಿಲ್ಲಿಸು ನರಿಯಣ್ಣ. ಇನ್ನೊಮ್ಮೆ ಕುಸಿದರೆ ನನ್ನ ಮಕ್ಕಳು ಉಳಿಯುವುದಿಲ್ಲ."

"ನನ್ನನ್ನೇಕೆ ಕೇಳುತ್ತೀ ತಂಗಿ? ಮಾಡುವವನು ನಾನು, ಹಚ್ಚುವವರು ಅವರು!"

ಆದರೆ ನರಿಯನ್ನು ಕಂಡರೆ ಎಲ್ಲರೂ ಮುಖ ತಿರುಗಿಸತೊಡಗಿದರು. ನರಿಗೆ ಒಳ್ಳೆಯ ಹೆಸರು ಬೇಕಿತ್ತು. ಅದು ಡಂಗುರ ಹೊಡೆಸಿತು: "ಕಾಡಿನಲ್ಲಿ ಸದ್ದಡಗಿಸಿದವರಿಗೆ ಶಾಂತಿ ಪ್ರಶಸ್ತಿ! ಕೇಳಿದ್ದು ಕೊಡುತ್ತೇನೆ. ಆನೆಯಜ್ಜನೇ ತೀರ್ಪುಗಾರ!"

'ಕರಡಿಗೆ ಬಂದರೆ ಹಂದಿ ಉರಿದುಬೀಳುತ್ತದೆ, ಹಂದಿಗೆ ಬಂದರೆ ಕರಡಿ. ಹೆಸರೂ ಬಂತು, ವ್ಯಾಪಾರವೂ ಆಯಿತು' ಎಂದು ಒಳಗೊಳಗೇ ನಕ್ಕು, ಉಗ್ರಾಣದ ಕಡೆ ತಿರುಗಿಯೂ ನೋಡದೆ ಭಾಷಣ ಬಾಯಿಪಾಠ ಮಾಡುತ್ತ ಕೂತಿತು.

ಪ್ರಶಸ್ತಿಯ ದಿನ ಬಂತು. ಅಷ್ಟರಲ್ಲಿ ಕಾಡು ನಿಜವಾಗಿಯೂ ತಣ್ಣಗಾಗಿತ್ತು.

"ನಾವು ಸುಮ್ಮನಿದ್ದೆವು, ಅದಕ್ಕೇ" ಎಂದು ಕರಡಿ ಎದೆ ಉಬ್ಬಿಸಿತು.

"ಸುಮ್ಮನಿದ್ದದ್ದಲ್ಲ ಮಾರಾಯ, ನಿನ್ನ ಢಮಾರು ಮುಗಿದಿತ್ತು!" ಎಂದಿತು ಹಂದಿ. "ನನ್ನದೂ ಮುಗಿದಿತ್ತು, ಬಿಡು."

ಆಗ ಮೈಯೆಲ್ಲ ಕೆಸರಾದ ಹೆಗ್ಗಣ ಮುಂದೆ ಬಂತು. "ಡಂಗುರ ಕೇಳಿದ ದಿನವೇ ಶುರುಮಾಡಿದೆ, ಅಜ್ಜ. ಕೆರೆಯಿಂದ ನರಿಯಣ್ಣನ ಉಗ್ರಾಣದವರೆಗೆ ಬಿಲ ತೋಡಿದೆ. ಢಮಾರು, ಪುಡಿ ಎಲ್ಲವೂ ಈಗ ನೀರುಪಾಲು."

"ಅಯ್ಯೋ, ನನ್ನ ಉಗ್ರಾಣ!" ನರಿ ಭಾಷಣ ಮರೆತು ಕಿರುಚಿತು. "ಇವಳಿಗೆ ಶಿಕ್ಷೆ ಕೊಡಿ!"

"ಸದ್ದಡಗಿಸಿದವರಿಗೆ ಎಂದು ಸಾರಿಸಿದವನು ನೀನೇ ಅಲ್ಲವೇನಪ್ಪ?" ಎಂದಿತು ಆನೆ. "ಸದ್ದು ಅಡಗಿದೆ. ಏನು ಬೇಕು ಕೇಳು ಮಗಳೇ."

"ಮಕ್ಕಳಿಗೆ ಕುಸಿಯದ ಮನೆ ಬೇಕು ಅಜ್ಜ. ನರಿಯಣ್ಣನ ಕಲ್ಲಿನ ಗುಹೆ ಸಾಕು."

ಕರಡಿಯೂ ಹಂದಿಯೂ ಒಟ್ಟಿಗೆ ಹೊಟ್ಟೆ ಹಿಡಿದು ನಕ್ಕವು. ಹೊತ್ತು ಮುಳುಗುವುದರೊಳಗೆ ನರಿ ಪ್ರಶಸ್ತಿ ಸಲ್ಲಿಸಿತು: ತಾನು ಹುಟ್ಟಿ ಬೆಳೆದ ಗುಹೆಯನ್ನು ಬಿಟ್ಟುಕೊಟ್ಟಿತು.

ನೀತಿ: ಜಗಳ ಮಾರಿ ಬದುಕುವವನು ಶಾಂತಿಗೆ ಬಹುಮಾನ ಕೊಟ್ಟು ಒಳ್ಳೆಯವನಾಗಲಾರ, ಮೊದಲು ಆ ವ್ಯಾಪಾರ ಬಿಡಬೇಕು.