ಎಡಗಾಲಿನ ಗೆಜ್ಜೆ

ಬಹಳ ಹಿಂದೆ, ಊರಿಗೆಲ್ಲ ಒಂದೇ ಕಾರು ಇದ್ದ ಕಾಲದಲ್ಲಿ, ಗುಡ್ಡದ ಬುಡಕ್ಕೆ ಬಂಡೆಹಾಳ ಅಂತ ಒಂದು ಊರಿತ್ತು. ಆ ಊರಲ್ಲಿ ಹುಚ್ಚೀರಪ್ಪ ಅಂತ ಒಬ್ಬ ಗಾಡಿ ಮೇಸ್ತ್ರಿ ಇದ್ದ. ಅವನು ಕೆಮ್ಮಿದರೆ ಸಾಕು, ಕೆಟ್ಟು ನಿಂತ ಲಾರಿ ಸ್ಟಾರ್ಟ್ ಆಗುತ್ತಿತ್ತಂತೆ. ಇದನ್ನು ನಾನು ನಂಬುವುದಿಲ್ಲ, ಮುಂದಿನದನ್ನು ನಂಬುತ್ತೇನೆ.

ಆ ಒಂದೇ ಕಾರು ಶಿವಪುತ್ರನದು. ದವಾಖಾನೆ ಇದ್ದದ್ದು ಘಾಟಿಯ ಮೇಲಿನ ಪೇಟೆಯಲ್ಲಿ. ಹೆರಿಗೆ ಬೇನೆ ಎದ್ದ ಹೆಣ್ಣುಮಕ್ಕಳನ್ನೆಲ್ಲ ಅವನೇ ಅಲ್ಲಿಗೆ ಮುಟ್ಟಿಸಬೇಕು. ಅಂಥ ಕಾರಿಗೆ ಒಂದು ವಿಚಿತ್ರ ರೋಗ ಬಂತಂತೆ. ಜೋಳದ ಚೀಲ ಹೇರಿದರೆ ಕುದುರೆಯ ಹಾಗೆ ಏರುತ್ತಿತ್ತು. ಬೇನೆ ತಿನ್ನುವವಳನ್ನು ಕೂರಿಸಿದರೆ ಮಾತ್ರ ಘಾಟಿಯ ನಡುವಿನ ಹುಣಸೆಮರದ ತಿರುವಿಗೆ ಬರುತ್ತಿದ್ದಂತೆ ಕ್ಲಚ್ ಜಾರುತ್ತಿತ್ತು. ಇಂಜಿನ್ ಒದರುವುದು, ಗಾಡಿ ಮುಂದೆ ಹೋಗದು, ಮೇಲೆ ಸುಟ್ಟ ನಾತ ಬೇರೆ. ತುಸು ಹೊತ್ತು ಬಿಟ್ಟರೆ ಏನೂ ಅರಿಯದ ಕೂಸಿನ ಹಾಗೆ ಮತ್ತೆ ಏರುತ್ತಿತ್ತು. ಪೇಟೆಯ ಮೇಸ್ತ್ರಿಗಳು ಬಿಚ್ಚಿ ನೋಡಿದರಂತೆ, ಪ್ಲೇಟು ಬದಲಿಸಿದರಂತೆ, ರೋಗ ಹೋಗಲಿಲ್ಲವಂತೆ.

ಒಬ್ಬಾಕೆ ಆ ಮರದ ಕೆಳಗೇ ಹೆತ್ತಳು. ತಾಯಿ, ಮಗು ಉಳಿದದ್ದು ದೇವರ ದಯೆ. ಬಸುರಿಯರು ಈ ಕಾರಿಗೆ ಆಗಿಬರುವುದಿಲ್ಲ ಅಂತ ಊರು ಆಡಿಕೊಂಡಿತು. ಶಿವಪುತ್ರನೂ ಇನ್ನು ಯಾರನ್ನೂ ಒಯ್ಯುವುದಿಲ್ಲ ಅಂದುಬಿಟ್ಟ. ಆದರೆ ಅವನ ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಕೂತಿದ್ದಳು. ಊರವರಿಗೆ ಒಲ್ಲೆ ಅನ್ನಬಹುದು, ಮಗಳಿಗೆ ಏನನ್ನುತ್ತಾನೆ? ಪಾಪ, ಅವನಿಗೆ ಅನ್ನ ಸೇರದಾಯಿತು.

ಹುಚ್ಚೀರಪ್ಪನ ಬಡಾಯಿ ತಾಳದೆ ಅವನ ಶೆಡ್ಡಿಗೆ ಕಾಲಿಡದಿದ್ದ ಶಿವಪುತ್ರ ಅಂದು ಸೀದಾ ಅಲ್ಲಿಗೇ ಹೋದನಂತೆ. ಹುಚ್ಚೀರಪ್ಪ ನಟ್ಟು ಬಿಚ್ಚುವ ಪಾನಾ ಮುಟ್ಟಲಿಲ್ಲ. ಕೆಟ್ಟದ್ದರ ಕಥೆ ಬಿಡು, ಸರಿ ಇದ್ದದ್ದು ಯಾವಾಗ ಹೇಳು ಅಂದನಂತೆ. ಎಲ್ಲ ಕೇಳಿ ಮೀಸೆ ತಿರುವಿ, ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ, ಘಾಟಿ ಹತ್ತಿಸು ಅಂದನಂತೆ.

ಹುಣಸೆಮರ ಬಂತು. ಹುಚ್ಚೀರಪ್ಪ ಹೊಟ್ಟೆ ಹಿಡಿದುಕೊಂಡು, "ಅಯ್ಯಯ್ಯೋ ಯವ್ವಾ! ಸತ್ತೆನೋ ಶಿವಪುತ್ರಾ!" ಅಂತ ಹೆರುವವಳ ಹಾಗೆ ಕಿರುಚಿದನಂತೆ. ಗುಡ್ಡದ ಆಡುಗಳು ದಿಕ್ಕಾಪಾಲಾಗಿ ಓಡಿದವಂತೆ. ಹೊರಳಿ ಹೊರಳಿ ಕಿರುಚಿದ. ನಾಟಕ ಅಂತ ಗೊತ್ತಿದ್ದೂ ಶಿವಪುತ್ರ ಮರುಗಿ ಮರುಗಿ ಹಿಂದೆ ನೋಡಿದ. ಇಂಜಿನ್ ಒದರಿತು, ಗಾಡಿ ನಿಂತಿತು, ಸುಟ್ಟ ನಾತ ಬಂತು.

ಹುಚ್ಚೀರಪ್ಪ ಕಿರುಚುವುದನ್ನು ಬಿಟ್ಟು ಎದ್ದು ಕೂತ. "ನಿನ್ನ ಎಡಗಾಲ ಎಲ್ಲೈತಿ, ನೋಡ್ಕೋ."

ಕಾಲು ಕ್ಲಚ್ಚಿನ ಮೇಲಿತ್ತು. ಹಿಂದೆ ಕೂತವರು ನರಳಿದಾಗಲೆಲ್ಲ, ಗಾಡಿ ಕುಲುಕಬಾರದೆಂದು ಶಿವಪುತ್ರ ಅರ್ಧ ಕ್ಲಚ್ ಒತ್ತಿ ಹಿಡಿಯುತ್ತಿದ್ದ. ಒತ್ತಿದ್ದು ಅವನಿಗೇ ತಿಳಿಯುತ್ತಿರಲಿಲ್ಲ. ಪ್ಲೇಟು ಉಜ್ಜಿ ಉಜ್ಜಿ ಕಾದು ಜಾರುತ್ತಿತ್ತು, ಆರಿದರೆ ಮತ್ತೆ ಹಿಡಿಯುತ್ತಿತ್ತು. ಜೋಳದ ಚೀಲಕ್ಕೆ ಯಾರು ಮರುಗುತ್ತಾರೆ ಹೇಳಿ.

"ನಿನ್ನ ಕನಿಕರಾನೇ ಪ್ಲೇಟ್ ಸುಡಾಕತ್ತೈತಿ ನೋಡಪಾ," ಅಂದನಂತೆ ಹುಚ್ಚೀರಪ್ಪ. ಶಿವಪುತ್ರ ಸ್ಟೇರಿಂಗಿಗೆ ತಲೆಯಾನಿಸಿ ಅತ್ತುಬಿಟ್ಟನಂತೆ.

ಹುಚ್ಚೀರಪ್ಪ ಹೊಸ ಪ್ಲೇಟು ಹಾಕಿದ. ಆಮೇಲೆ ತನ್ನ ಎತ್ತಿನ ಕೊರಳಿನಿಂದ ಒಂದು ಗೆಜ್ಜೆ ಬಿಚ್ಚಿ ಶಿವಪುತ್ರನ ಎಡಗಾಲಿಗೆ ಕಟ್ಟಿದನಂತೆ. ಗೇರು ಹಾಕುವಾಗ ನುಡಿದರೆ ನುಡಿಯಲಿ, ಸುಮ್ಮನೆ ನುಡಿದರೆ ಕಾಲು ಹಾದಿ ತಪ್ಪಿತು ಅಂತ ತಿಳಿ ಅಂದನಂತೆ. ಶಿವಪುತ್ರನನ್ನು ನೋಡಿ, ಮುದುಕ ಬಯಲಾಟಕ್ಕೆ ಹೊರಟ ಅಂತ ಊರು ನಕ್ಕಿತು. ನಗಲಿ ಬಿಡಿ.

ನೀಲವ್ವನಿಗೆ ಬೇನೆ ಎದ್ದದ್ದು ಸುಡು ಮಧ್ಯಾಹ್ನ. ಹುಣಸೆಮರದ ತಿರುವಿನಲ್ಲಿ ಆಕೆ ಚೀರಿದಳು, ಗೆಜ್ಜೆ ಘಲ್ ಅಂದಿತು. ಹಲ್ಲು ಕಚ್ಚಿಕೊಂಡೇ ಮಗಳು ಗದರಿದಳಂತೆ: "ಯಪ್ಪಾ, ಬ್ಯಾನಿ ನಂದೈತಿ! ನೀ ಕಾಲ್ ತಗಿ!"

ತೆಗೆದ. ಕಾರು ಕುಲುಕಿತು, ಕುಲುಕುತ್ತಲೇ ಏರಿತು. ಮೊಮ್ಮಗಳು ದವಾಖಾನೆಯ ಮಂಚದ ಮೇಲೆಯೇ ಹುಟ್ಟಿದಳು.

ಹುಚ್ಚೀರಪ್ಪ ಹೋಗಿ ಯಾವ ಕಾಲವಾಯಿತೋ. ಅವನ ಕಿರುಚಾಟಕ್ಕೆ ಆಚೆಯೂರಿನ ಸೂಲಗಿತ್ತಿ ಬಿಸಿನೀರು ಹೊತ್ತು ಓಡಿಬಂದಳು ಅಂತ ಈಗಿನವರು ಸೇರಿಸಿ ಹೇಳುತ್ತಾರೆ. ಆ ಘಾಟಿ ಹತ್ತುವ ಗಾಡಿಗಳ ಕ್ಲಚ್ಚಿಗೆ ಇಂದಿಗೂ ಒಂಟಿ ಗೆಜ್ಜೆ ಕಟ್ಟುತ್ತಾರೆ. ನಡೆಯಲು ಕಲಿಯುವ ಕೂಸಿನ ಹಿಂದೆ ತಾಯಿ ಕೈಚಾಚಿ ಓಡುತ್ತಿದ್ದರೆ, ಬಂಡೆಹಾಳದ ಮುದುಕಿಯರು ಕೂತಲ್ಲಿಂದಲೇ ಕೂಗುತ್ತಾರೆ: "ಏ ಯವ್ವಾ, ಗೆಜ್ಜಿ ಸಪ್ಪಳಾ ಕೇಳಾಕತ್ತೈತಿ. ಕಾಲ್ ತಗಿ!"