ಕಂಪನಿಯ ಹೊಗೆ ಬರೆದ ಹೊಂಬಾಳ

ಹೂಂಗುಟ್ಟೋರಿದ್ದರೆ ಕತೆ, ಇಲ್ಲದಿದ್ದರೆ ಬಾಯಿಗೆ ರಜ. ಹೂಂ ಅಂದಿರಾ? ಹಾಗಾದರೆ ಕೇಳಿ.

ಹೊಳೆಸಾಲು ಅಂತ ಒಂದು ಊರು. ಆ ಊರಿನ ಹೊಳೆದಡದಲ್ಲಿ ಒಂದು ಕಾಗದದ ಮಿಲ್ಲು. ಎಷ್ಟು ದೊಡ್ಡ ಮಿಲ್ಲು ಅಂತೀರಿ? ಅದರ ಚಿಮಣಿಯ ತುದಿ ಮುಟ್ಟಬೇಕಾದರೆ ಹದ್ದು ಕೂಡ ನಡುವೆ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಿತ್ತು. ಬೆಳಗ್ಗೆ ಎದ್ದು ಮಿಲ್ಲು ಒಂದು ಗುಟುಕು ನೀರು ಕುಡಿದರೆ ಹೊಳೆಯ ಮೀನುಗಳ ಬೆನ್ನು ಒಣಗುತ್ತಿತ್ತು. ಹೊಗೆ ಬಿಟ್ಟರೆ ಆಚೆ ಊರಿನ ಕೋಳಿಗಳು ಸಂಜೆಯಾಯ್ತು ಅಂತ ಗೂಡು ಸೇರುತ್ತಿದ್ದವು. ಸುಳ್ಳು ಅಂತೀರಾ? ಆ ಕೋಳಿಗಳ ಮೊಮ್ಮಕ್ಕಳು ಇನ್ನೂ ಅಲ್ಲೇ ಇವೆ, ಹೋಗಿ ಕೇಳಿ.

ಆ ಮಿಲ್ಲಿನ ಗೇಟಿನ ಮುಂದೆ ಚನ್ನಾಜಮ್ಮ ಮಸಾಲೆವಡೆ ಸುಡುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಹೊಂಬಾಳ. ಆಳು ಆರಡಿ, ಮನಸ್ಸು ಬೆಣ್ಣೆ, ಬುದ್ಧಿ ಮಾತ್ರ ಹೇಳಿದಷ್ಟೇ. "ಹಾಲು ಉಕ್ಕುತ್ತೇನೋ ನೋಡ್ಲಾ" ಅಂದರೆ, ಹಾಲು ಉಕ್ಕಿ, ಚೆಲ್ಲಿ, ಒಲೆ ಆರುವ ತನಕ ನೋಡುತ್ತಿದ್ದ.

"ಯಾಕ್ಲಾ ಇಳಿಸ್ಲಿಲ್ಲ?"

"ಉಕ್ತು ಕಣವ್ವ! ನಾನೇ ನೋಡ್ದೆ!"

ಚನ್ನಾಜಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆದರೂ ಅವಳಿಗೊಂದು ಆಸೆ. ಪಕ್ಕದ ಹಳ್ಳಿಯ ಮೊಗಣ್ಣಗೌಡನ ಮಗಳು ಇಂದ್ರಾಣಿಯನ್ನು ಸೊಸೆ ಮಾಡಿಕೊಳ್ಳಬೇಕು. ಹುಡುಗಿಗೂ ಹೊಂಬಾಳನ್ನ ಕಂಡರೆ ನಗು, ನಗುವಿನ ಹಿಂದೆ ಇನ್ನೂ ಏನೋ. ಮೊಗಣ್ಣಗೌಡ ಮಾತ್ರ ಮೀಸೆ ತಿರುವಿ ಹೇಳಿದ್ದ: "ನಿನ್ ಮಗ ಯಾವ್ದಾದ್ರೂ ಒಂದ್ ಕೆಲ್ಸದಲ್ಲಿ ಮೂರು ತಿಂಗಳು ನಿಂತು ಕಾಯಂ ಆಗ್ಲಿ. ಆವತ್ತೇ ಧಾರೆ ಎರೀತೀನಿ. ಆಗ್ಲಿಲ್ವೋ, ಬೇರೆ ಗಂಡು ನೋಡ್ತೀನಿ."

ಅದೇ ಹೊತ್ತಿಗೆ ಮಿಲ್ಲಿಗೂ ಒಂದು ಕಂಟಕ ಬಂತು. ಅದರ ಕಾಗದ ಕೊಳ್ಳುವ ಹೊರದೇಶದವರು ಹೇಳಿಕಳಿಸಿದರು: "ನೀವು ಎಷ್ಟು ಹೊಗೆ ಬಿಡ್ತೀರಿ, ಎಷ್ಟು ನೀರು ಕುಡೀತೀರಿ, ಎಷ್ಟು ಕರೆಂಟು ತಿಂತೀರಿ, ಎಲ್ಲಾ ಬರೆದಿಡಿ. ಮೂರು ತಿಂಗಳಲ್ಲಿ ಇಳಿಸಿ. ನಾವೇ ಬಂದು ನೋಡ್ತೀವಿ. ಇಳೀದಿದ್ರೆ ನಿಮ್ಮ ಕಾಗದ ಬೇಡ."

ಇದನ್ನೆಲ್ಲ ನೋಡಿಕೊಳ್ಳೋಕೆ ಮಂಗಳೂರಿಂದ ಜಸಿಂತಾ ಮೇಡಂ ಬಂದರು. ಅವರಿಗೆ ನೋಟ್‌ಬುಕ್ಕು ಹಿಡಿದು ಓಡಾಡುವ ಆಳು ಬೇಕಿತ್ತು. ಚನ್ನಾಜಮ್ಮ ಎರಡು ಬಿಸಿ ವಡೆ ಕೊಟ್ಟು, "ನನ್ ಮಗ ಅವ್ನೆ ಮೇಡಂ. ಹೇಳಿದ್ದನ್ನ ಹೇಳ್ದಂಗೇ ಮಾಡ್ತಾನೆ" ಅಂದಳು.

"ಅಂಥವನೇ ಬೇಕು ಮಾರಾಯ್ತಿ!" ಅಂದರು ಮೇಡಂ. ಪಾಪ.

ಮೊದಲನೇ ದಿನ ಮೇಡಂ ಹೇಳಿದರು, "ನೋಡು ಹೊಂಬಾಳ, ಈ ಕಂಪನಿಯಲ್ಲಿ ಎಲ್ಲೆಲ್ಲಿ ಹೊಗೆ ಬರ್ತದೋ ಎಲ್ಲಾ ಬರಿ. ಒಂದೂ ಬಿಡಬೇಡ."

ಹೊಂಬಾಳ ಬರೆದ. ಚಿಮಣಿಯ ಹೊಗೆ ಬರೆದ. ಕ್ಯಾಂಟೀನಿನ ಒಲೆ ಬರೆದ. ವಾಚ್‌ಮನ್ ಬೀಡಿ ಬರೆದ. ಊದುಬತ್ತಿ ಬರೆದ. ಆಮೇಲೆ ದೊಡ್ಡ ಸಾಹೇಬರ ರೂಮಿಗೆ ನುಗ್ಗಿ, ಅವರು ಸಿಗರೇಟು ಸೇದುತ್ತಿದ್ದಾಗ ಮೂಗಿನ ಹತ್ತಿರ ಮೂಗಿಟ್ಟು ನಿಂತ.

"ಯಾರೋ ನೀನು?"

"ಮೂಗಿಂದ ಎಂಟು, ಬಾಯಿಂದ ಹದಿನಾಲ್ಕು. ಇನ್ನೊಂದ್ ದಮ್ಮು ಬಾಕಿ ಐತೆ, ಬಿಡಿ ಸಾ!"

ಸಾಹೇಬರು ಬಿಟ್ಟರು. ಹೊಗೆಯನ್ನಲ್ಲ, ಬೈಗುಳವನ್ನ. ಗೇಟಿನಾಚೆ ಕೂತಿದ್ದ ಚನ್ನಾಜಮ್ಮನ ಬಾಣಲೆಯಲ್ಲಿ ಎಣ್ಣೆ ನಡುಗಿತು. ಜಸಿಂತಾ ಮೇಡಂ ಕೈಮುಗಿದು ಹೇಗೋ ಉಳಿಸಿಕೊಂಡರು, ಯಾಕೆಂದರೆ ಮಿಲ್ಲಿನ ಹಿತ್ತಲಲ್ಲಿ ಯಾರೂ ಹೇಳದೆ ಬಚ್ಚಿಟ್ಟಿದ್ದ ಹಳೇ ಕುಲುಮೆಯ ಹೊಗೆಯೂ ಅವನ ಪುಸ್ತಕದಲ್ಲಿತ್ತು. ಆ ಕುಲುಮೆ ಅವತ್ತೇ ಆರಿತು.

ಸಂಜೆ ಅವ್ವ ಹಿಡಿದುಕೊಂಡಳು. "ಅಯ್ಯೋ ಪೆದ್ದೆ! ಹಂಗಲ್ಲ ಕಣ್ಲಾ! ಮೂಗಿನ ಹೊಗೆ, ಬೀಡಿ ಹೊಗೆ ಎಲ್ಲಾ ಯಾಕ್ಲಾ? ಚಿಕ್ಕದನ್ನ ಬಿಡ್ಬೇಕು, ದೊಡ್ಡದನ್ನ ಹಿಡೀಬೇಕು!"

"ಹಂಗೇ ಮಾಡ್ತೀನಿ ಕಣವ್ವ!"

ಎಂಟು ದಿನ ಕಳೀತು. ಮೇಡಂ ಹೇಳಿದರು, "ಸೋರುವ ನಲ್ಲಿ ಎಲ್ಲಾ ಹುಡುಕಿ ನಿಲ್ಲಿಸು ಮಾರಾಯ."

ಹೊಂಬಾಳ ಹೋದ. ಒಂದು ನಲ್ಲಿ ತೊಟ್ ತೊಟ್. ಚಿಕ್ಕದು, ಬಿಟ್ಟ. ಇನ್ನೊಂದು ಸಳಸಳ. ಅದೂ ಚಿಕ್ಕದು, ಬಿಟ್ಟ. ಹೊಳೆಯಿಂದ ಮಿಲ್ಲಿಗೆ ನೀರು ತರುವ ಪೈಪು ಕಂಡಿತು. ಒಳಗೆ ಆನೆ ಮಲಗಬಹುದು, ಮಗ್ಗುಲೂ ಬದಲಾಯಿಸಬಹುದು. "ಇದೇ ದೊಡ್ಡದು!" ಅಂದ. ಅದರ ಚಕ್ರ ಹಿಡಿದು ಗರಗರ ತಿರುಗಿಸಿ ನಿಲ್ಲಿಸಿಯೇಬಿಟ್ಟ.

ಮಿಲ್ಲು ನಿಂತಿತು. ಮೆಷಿನ್ನಿನ ಬಾಯಲ್ಲಿ ಕಾಗದ ಅಪ್ಪಳದ ಹಾಗೆ ಮುರೀತು. ಗೆಸ್ಟ್‌ಹೌಸಿನಲ್ಲಿ ಸ್ನಾನ ಮಾಡುತ್ತಿದ್ದ ದೊಡ್ಡ ಸಾಹೇಬರು ಮೈತುಂಬ ಸೋಪು ಬಳಿದುಕೊಂಡು, ಟವೆಲ್ಲು ಸುತ್ತಿಕೊಂಡು ಗೇಟಿನ ತನಕ ಓಡಿಬಂದರು.

"ಯಾವನೋ ಅವನು ನೀರು ನಿಲ್ಸಿದ್ದು?"

"ನಾನೇ ಸಾ! ನೀವು ಚಿಕ್ಕೋರು, ಪೈಪು ದೊಡ್ಡದು!"

ಆದರೆ ಮೇಡಂ ಮೀಟರಿನ ಮುಂದೆ ನಿಂತು ಕಣ್ಣರಳಿಸಿದ್ದರು. "ಎಂತ ಸಾವು ಮಾರಾಯ್ರೇ! ಮಿಲ್ಲೇ ನಿಂತಿದೆ, ಆದ್ರೂ ಟ್ಯಾಂಕಿನ ನೀರು ಇಳೀತಾ ಉಂಟು!" ಅಗೆದು ನೋಡಿದರೆ ನೆಲದೊಳಗೆ ಒಡೆದ ಪೈಪು! ಹತ್ತು ವರ್ಷದಿಂದ ಸೋರುತ್ತಿತ್ತು. ಅದರ ಮೇಲೆ ಬೆಳೆದ ಬಾಳೆಗೊನೆ ಇಳಿಸೋಕೆ ಎರಡು ಲಾರಿ ಬೇಕಾಯ್ತು. ಹೊಂಬಾಳನ ಕೆಲಸ ಮತ್ತೆ ಉಳೀತು.

ಅವ್ವನ ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಅಯ್ಯೋ ಪೆದ್ದೆ! ಹಂಗಲ್ಲ ಕಣ್ಲಾ! ಏನಾದ್ರೂ ನಿಲ್ಸೋಕ್ ಮುಂಚೆ ಒಳಗಿರೋರ್ಗೆ ಕೂಗಿ ಹೇಳ್ಬೇಕು. 'ನಿಲ್ಲಿಸ್ತಾ ಇವ್ನಿ, ಎಲ್ರೂ ಈಚೆ ಬನ್ರಪ್ಪೋ' ಅನ್ಬೇಕು!"

"ಹಂಗೇ ಮಾಡ್ತೀನಿ ಕಣವ್ವ!"

ಆಮೇಲಿನ ವಾರ ಮೇಡಂ ಹೇಳಿದರು, "ಜನ ಇಲ್ಲದ ರೂಮಿನಲ್ಲಿ ಲೈಟು ಉರೀತಿದ್ರೆ ಆರಿಸು."

ಸಾಮಾನಿನ ಕೋಣೆಯಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಹೊಂಬಾಳ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಅವ್ವನ ಮಾತು ನೆನಪಾಯ್ತು. ಎದೆ ತುಂಬ ಉಸಿರು ಎಳೆದುಕೊಂಡ.

"ನಿಲ್ಲಿಸ್ತಾ ಇವ್ನಿ! ಎಲ್ರೂ ಈಚೆ ಬನ್ರಪ್ಪೋ!"

ಬಾಯ್ಲರ್ ಸಿಡೀತು ಅಂದುಕೊಂಡರು ಜನ! ನಾಲ್ಕು ನೂರು ಆಳು ಎದ್ದೆವೋ ಬಿದ್ದೆವೋ ಅಂತ ಗೇಟು ದಾಟಿದರು. ಸಾಹೇಬರು ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿಬಂದು ಚನ್ನಾಜಮ್ಮನ ಬೆಂಚಿನ ಕೆಳಗೆ ತೂರಿಕೊಂಡರು. ಹೊಂಬಾಳ ನಿಧಾನವಾಗಿ ಆಚೆ ಬಂದ.

"ಏನಾಯ್ತೋ?"

"ಬಲ್ಬು ಆರ್ಸ್ದೆ ಸಾ."

ಭಯಕ್ಕೆ ಹಸಿವು ಜಾಸ್ತಿಯಂತೆ. ಆ ನಾಲ್ಕು ನೂರು ಜನ ನಿಂತ ನಿಲುವಿನಲ್ಲೇ ಚನ್ನಾಜಮ್ಮನ ವಡೆಯೆಲ್ಲ ಖಾಲಿ ಮಾಡಿದರು. ಕೊನೆಗೆ ಬರೀ ಕರಿಬೇವು ಕರಿದು ಕೊಟ್ಟಳು, ಅದನ್ನೂ ತಿಂದರು! ಇತ್ತ ಮೇಡಂ ಒಳಗೆ ಹೋಗಿ ನೋಡಿದರೆ ನರಪಿಳ್ಳೆಯಿಲ್ಲ. ಕರೆಂಟಿನ ಮೀಟರು ಮಾತ್ರ ಗಿರಗಿರ. ಖಾಲಿ ಕುರ್ಚಿಗಳಿಗೆ ಏಸಿ, ಖಾಲಿ ಗೋಡೆಗಳಿಗೆ ಫ್ಯಾನು, ಬಿಸಿಲಿಗೆ ಲೈಟು. ಒಂದೊಂದನ್ನೇ ಆರಿಸುತ್ತ ಹೋದರು, ಕರೆಂಟು ಅರ್ಧಕ್ಕೆ ಇಳೀತು.

"ಅಯ್ಯೋ ಪೆದ್ದೆ! ಹಂಗಲ್ಲ ಕಣ್ಲಾ!" ಅಂದಳು ಅವ್ವ, ಸಂಜೆ ಬಾಣಲೆ ಉಜ್ಜುತ್ತ. ವಡೆ ಖಾಲಿಯಾಗಿದ್ದಕ್ಕೆ ಅವತ್ತು ಬೈಗುಳದಲ್ಲಿ ಖಾರ ಕಡಿಮೆ. "ಕಿರುಚಬಾರ್ದು. ಹತ್ರ ಹೋಗಿ ಕಿವೀಲಿ ಮೆಲ್ಲಗೆ ಹೇಳ್ಬೇಕು. ಗಾಬರಿ ಆಗಿದ್ರೆ ಒಂದ್ ಲೋಟ ಮಜ್ಜಿಗೆ ಕುಡಿಸ್ಬೇಕು."

"ಹಂಗೇ ಮಾಡ್ತೀನಿ ಕಣವ್ವ!"

ಮೂರು ತಿಂಗಳಾಗೋಕೆ ಎರಡೇ ದಿನ ಬಾಕಿ ಉಳೀತು. ಮೇಡಂ ಅವನನ್ನ ಗೇಟಿಗೆ ಹಾಕಿದರು. "ಕಪ್ಪು ಹೊಗೆ ಕಾರುವ ಲಾರಿ ಬಂದ್ರೆ ನಿಲ್ಲಿಸು."

ಬಂತು ಒಂದು ಲಾರಿ. ಕೆಮ್ಮುತ್ತ, ಕಾರುತ್ತ, ಮೈ ನಡುಗಿಸುತ್ತ. "ಪಾಪ, ಗಾಬರಿ ಆಗೈತೆ" ಅಂದ ಹೊಂಬಾಳ. ಪಕ್ಕದ ಕನ್ನಡಿಗೆ ಬಾಯಿಟ್ಟು, "ನಿಂತ್ಕೊ ನನ್ನಪ್ಪ, ಏನೂ ಆಗಲ್ಲ" ಅಂತ ಪಿಸುಗುಟ್ಟಿದ. ಆಮೇಲೆ ಅವ್ವನ ಅಂಗಡಿಯ ಮಜ್ಜಿಗೆ ಕೊಡ ಎತ್ತಿಕೊಂಡು ಬಂದು, ಮುಚ್ಚಳ ತೆಗೆದು ರೇಡಿಯೇಟರಿಗೆ ಹೊಯ್ದ. ಶುಂಠಿ, ಕೊತ್ತಂಬರಿ ಸಮೇತ!

ಡ್ರೈವರು ತಲೆ ಮೇಲೆ ಕೈ ಹೊತ್ತ. ಲಾರಿ ಬುಸ್ ಅಂತ ಒಗ್ಗರಣೆ ವಾಸನೆ ಬಿಟ್ಟು ಗೇಟಿನ ನಡುವೆಯೇ ಮಲಗಿತು.

"ಕನ್ನಡಿಗ್ಯಾಕ್ಲಾ ಮಾತಾಡ್ದೆ?" ಅಂತ ಕೇಳಿದಳು ಅವ್ವ.

"ಎರಡು ಕಡೇಲೂ ಒಂದೊಂದು ನೆಟ್ಟಗೆ ನಿಂತಿತ್ತು. ಕಿವಿ ಅಲ್ದೆ ಇನ್ನೇನವ್ವ?"

"ಅಯ್ಯೋ ಪೆದ್ದೆ! ಹಂಗಲ್ಲ ಕಣ್ಲಾ! ಹೊಗೆ ಕಾರೋದು ಬಾಗ್ಲಿಗೆ ಬಂದ್ರೆ ಉಪಚಾರ ಮಾಡ್ಬಾರ್ದು. ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸ್ಬೇಕು!" ಬೈದು ಬೈದು ಸುಸ್ತಾಗಿ ಮಗನ ತಲೆ ಸವರಿದಳು. "ಇನ್ನು ಒಂದೇ ದಿನ ಕಣ್ಲಾ. ನಾಳೆ ಹೊರದೇಶದೋರು ಬತ್ತಾರೆ. ನಾಳೆ ಒಂದಿನ ನೆಟ್ಟಗಿದ್ರೆ ನೀನು ಕಾಯಂ. ಇಂದ್ರಾಣಿ ನಮ್ಮನೇಗೆ."

"ಹಂಗೇ ಮಾಡ್ತೀನಿ ಕಣವ್ವ!"

ಬೆಳಗಾಯ್ತು. ಗೇಟಿಗೆ ತೋರಣ. ಹೊಂಬಾಳನ ಕೈಗೆ ಮೇಡಂ ಹಾರ ಕೊಟ್ಟು, "ಅತಿಥಿ ಬಂದ ಕೂಡಲೇ ಹಾಕು" ಅಂದರು. ನಾಲ್ಕು ಕಾರು ಬಂದವು. ಒಂದೊಂದರಲ್ಲಿ ಒಬ್ಬೊಬ್ಬರು. ಮುಂದಿನ ಕಾರಿನಿಂದ ಬಿಳಿಕೂದಲಿನ ದೊರೆಸಾನಿ ಇಳಿದರು. ಹೊಂಬಾಳ ಹಾರ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಅವನ ಕಣ್ಣು ಕಾರುಗಳ ಹಿಂದಕ್ಕೆ ಹೋಯ್ತು.

"ಹೊಗೆ! ನಾಲ್ಕು ಜನಕ್ಕೆ ನಾಲ್ಕು ಕಾರು, ನಾಲ್ಕು ಹೊಗೆ! ಎಲ್ಲಿಂದ ಬಂದ್ರೋ ಅಲ್ಲಿಗೇ ವಾಪಸ್ ಹೋಗಿ!"

ಗೇಟು ಮುಚ್ಚಿ ಬೀಗ ಹಾಕಿ, ಬೀಗದ ಕೈ ಚಡ್ಡಿ ಜೇಬಿಗೆ ಇಳಿಸಿದ. ಸಾಹೇಬರು ಒಳಗಿಂದ ಅರಚಿದರು. ಮೇಡಂ ಗೇಟು ಹತ್ತಿದರು. ದೊರೆಸಾನಿ ಪಕ್ಕದವನಿಂದ ಮಾತಿನ ಅರ್ಥ ಕೇಳಿ ತಿಳಿದುಕೊಂಡರು. ಕಾರು ನೋಡಿದರು, ಹೊಂಬಾಳನ್ನ ನೋಡಿದರು. ಮತ್ತೆ ಕಾರು ಹತ್ತಿದರು. ನಾಲ್ಕೂ ಕಾರು ತಿರುಗಿ ಹೋದವು.

ಚನ್ನಾಜಮ್ಮನ ಒಲೆ ಆರಿತು. ಅವತ್ತು ಅವಳು ಜೋರಾಗಿ ಬೈಯಲಿಲ್ಲ. ಸೆರಗಲ್ಲಿ ಕಣ್ಣೊರೆಸಿಕೊಂಡೇ ಹೇಳಿದಳು. "ಅಯ್ಯೋ ಪೆದ್ದೆ... ಬಾಗ್ಲಿಗೆ ಬಂದೋರ್ನ ಅಟ್ಟುತಾರೇನ್ಲಾ? ಮೊದ್ಲು ಬಂದೋರ ಕೈ ಹಿಡ್ಕೊಂಡು ಒಳಕ್ಕೆ ಕರೀಬೇಕು. ಅವ್ರು ಉಂಡು ಏಳೋಗಂಟ ಹಿಡಿದ ಕೈ ಬಿಡ್ಬಾರ್ದು. ಹೋಯ್ತು ಬಿಡು, ಕೆಲ್ಸಾನೂ ಹೋಯ್ತು, ಇಂದ್ರಾಣೀನೂ ಹೋದ್ಲು."

ಹೋದಳು ಅಂದುಕೊಂಡಿರಾ? ಕೇಳಿ.

ಮಾರನೇ ದಿನ ಹತ್ತು ಗಂಟೆಗೆ ಪ್ಯಾಸೆಂಜರ್ ರೈಲು ಇಳಿದು, ಕೆಂಪು ಬಸ್ಸು ಹತ್ತಿ, ಕಿಟಕಿಯಲ್ಲಿ ಕೂದಲು ಹಾರಿಸಿಕೊಂಡು ಬಂದರು ದೊರೆಸಾನಿ! ನಾಲ್ಕೂ ಜನ, ಒಂದೇ ಬಸ್ಸು. ಕೊರಳಲ್ಲಿ ನಿನ್ನೆಯ ಬಾಡಿದ ಹಾರ. ಹೊಂಬಾಳ ಓಡಿ ಅವರ ಕೈ ಹಿಡಿದ, ಅವ್ವನ ಬೆಂಚಿನ ಮೇಲೆ ಕೂರಿಸಿದ, ನಾಲ್ಕು ವಡೆ ತಿಂದು ಎದ್ದ ಮೇಲೆಯೇ ಬಿಟ್ಟ.

ದೊರೆಸಾನಿ ಅವನ ಪುಸ್ತಕ ತಿರುವಿಹಾಕಿದರು. ಹೊಗೆ ಇಳಿದಿತ್ತು. ನೀರು ಇಳಿದಿತ್ತು. ಕರೆಂಟು ಅರ್ಧವಾಗಿತ್ತು. ಸಾಹೇಬರ ಮೂಗಿನ ಹೊಗೆ ಇದ್ದ ಹಾಳೆ ಬಂದಾಗ ಬೆಂಚು ಅಲ್ಲಾಡುವ ಹಾಗೆ ನಕ್ಕರು. "ಯಜಮಾನನ ಮೂಗನ್ನೂ ಬಿಡದ ಪುಸ್ತಕ ಸುಳ್ಳು ಹೇಳೋದಿಲ್ಲ. ನಮ್ಮ ಕಾರನ್ನ ಅಟ್ಟಿದ ಕಂಪನಿ ಇದೊಂದೇ. ಇವರ ಕಾಗದವೇ ನಮಗೆ ಬೇಕು" ಅಂದರು.

ಮಿಲ್ಲು ಉಳೀತು. ಹೊಂಬಾಳ ಕಾಯಂ ಆದ! ಸಾಹೇಬರು ಸಿಗರೇಟೂ ಬಿಟ್ಟರು, ಅದು ಅವನ ಭಯಕ್ಕೆ.

"ಅಬ್ಬ, ಒಂದ್ ಮಾತಾದ್ರೂ ನೆಟ್ಟಗೆ ತಲೆಗೆ ಹತ್ತಿತಲ್ಲ" ಅಂತ ಚನ್ನಾಜಮ್ಮ ಮದುವೆಗೆ ಚಪ್ಪರ ಹಾಕಿಸಿದಳು.

ಮದುವೆಯ ದಿನ ಮೊದಲು ಬಾಗಿಲಿಗೆ ಬಂದವನು ಮೊಗಣ್ಣಗೌಡ. ಹೊಂಬಾಳ ಬಾಸಿಂಗ ಕಟ್ಟಿಕೊಂಡೇ ಓಡಿಹೋಗಿ ಮಾವನ ಎಡಗೈ ಹಿಡಿದ. ಹಿಡಿದ ಅಂದರೆ ಹಿಡಿದ! ಹಸೆಮಣೆಗೆ ಬಂದರೂ ಬಿಡಲಿಲ್ಲ.

"ಬಿಡಪ್ಪ ಅಳಿಮಯ್ಯ."

"ಉಣ್ಣಿ ಮಾವ, ಬಿಡ್ತೀನಿ."

ಹೆಣ್ಣು ಕೊಡುವ ಅಪ್ಪ ಧಾರೆ ಎರೆಯುವ ತನಕ ಉಪವಾಸ, ಗೊತ್ತಲ್ಲ? ಗೌಡ ಬೆವೆತ. "ಧಾರೆ ಆದ್ಮೇಲೆ ಉಣ್ತೀನಿ ಕಣೋ! ಕೈ ಬಿಡು, ಧಾರೆ ಎರೀತೀನಿ!"

"ಉಂಡ್ಮೇಲೆ ಬಿಡ್ತೀನಿ ಮಾವ! ಎರೀರಿ!"

"ಬಿಟ್ರೆ ತಾನೇ ಎರೆಯೋದು!"

"ಉಂಡ್ರೆ ತಾನೇ ಬಿಡೋದು!"

"ಮುಹೂರ್ತ ಮೀರ್ತಾ ಇದೆ!" ಅಂತ ಪುರೋಹಿತರು ಕೂಗಿದರು. ವಾಲಗದವರು ಊದೋದೋ ಬಿಡೋದೋ ತಿಳಿಯದೆ ಅರ್ಧ ಊದಿದರು. ಚನ್ನಾಜಮ್ಮ ಚಚ್ಚಿಕೊಳ್ಳೋಕೆ ಹಣೆ ಹುಡುಕಿಕೊಂಡಳು. ಆಗ ಅಂತರಪಟದ ಆಚೆಯಿಂದ ಇಂದ್ರಾಣಿ ಕಿಲಕಿಲ ನಕ್ಕು, "ಇನ್ನೊಂದ್ ಕೈ ಖಾಲಿ ಐತಲ್ಲ, ಇತ್ಲಾಗೆ ಕೊಡಿ. ನಾನೂ ಉಂಡಿಲ್ಲ" ಅಂದಳು.

ಹೊಂಬಾಳನ ಒಂದು ಕೈಯಲ್ಲಿ ಮಾವ, ಇನ್ನೊಂದು ಕೈಯಲ್ಲಿ ಇಂದ್ರಾಣಿ. ಗೌಡ ಉಳಿದ ಒಂದೇ ಕೈಯಲ್ಲಿ ಗಿಂಡಿ ಎತ್ತಿ ಹಾಲು ಎರೆದ. ಅರ್ಧ ಮಗಳ ಮೇಲೆ ಬಿತ್ತು, ಅರ್ಧ ಅವನ ಮೀಸೆ ಮೇಲೆ. ಧಾರೆಯಾಯ್ತು! ಗೌಡ ಉಂಡ, ಎದ್ದ, ಕೈ ಬಿಡಿಸಿಕೊಂಡು ಊರಿನ ತನಕ ಓಡಿದ.

ಇಂದ್ರಾಣಿಯೂ ಉಂಡಳು. ಅವಳು ಜಾಣೆ. ಪಾಯಸ ಉಂಡಳು, ಚಿತ್ರಾನ್ನ ಉಂಡಳು, ಒಂದು ಹೋಳಿಗೆ ಮಾತ್ರ ತಿನ್ನದೆ ಸೆರಗಿನ ತುದಿಗೆ ಕಟ್ಟಿಕೊಂಡಳು. "ನಂದಿನ್ನೂ ಮುಗ್ದಿಲ್ಲ" ಅಂದಳು.

ಅವತ್ತು ಹಿಡಿದ ಕೈ ಹೊಂಬಾಳ ಇನ್ನೂ ಬಿಟ್ಟಿಲ್ಲ. ಈಗಲೂ ದಿನಾ ಬೆಳಗ್ಗೆ ಹೊಂಬಾಳ ಹೊಗೆ ಬರೆಯೋಕೆ ಆ ಚಿಮಣಿಯ ಏಣಿ ಹತ್ತುತ್ತಾನೆ. ಒಂದು ಕೈಯಲ್ಲಿ ನೋಟ್‌ಬುಕ್ಕು, ಒಂದು ಕೈಯಲ್ಲಿ ಇಂದ್ರಾಣಿ. ಕೆಳಗೆ ಚನ್ನಾಜಮ್ಮ ಜಾಲರಿ ಸೌಟು ಹಿಡಿದು ಅರಚುತ್ತಾಳೆ.

"ಲೇ ಪೆದ್ದೆ! ಅವಳ ಕೈ ಬಿಟ್ಟು ಏಣಿ ಹಿಡ್ಕೊಳ್ಲಾ!"

ಮೇಲಿನಿಂದ, ಹದ್ದು ಸುಧಾರಿಸಿಕೊಳ್ಳುವ ಜಾಗದಿಂದ, ಕೂಗು ಬರುತ್ತೆ.

"ಅವ್ಳಿನ್ನೂ ಉಂಡಿಲ್ಲ ಕಣವ್ವೋ!"