ನೀರು ಬರುವ ನಲ್ಲಿಯ ದೂರು

"ಅಜ್ಜಯ್ಯ, ಕೆಲಸ ಕೈಬಿಟ್ಟು ಹೋದ ಮೇಲೂ ಕಾಲು ಏಕೆ ನಿಲ್ಲುವುದಿಲ್ಲ?"

ಹೀಗೆ ಕೇಳಿದವನು ಮರುಳಯ್ಯ. ಮಠದ ಕಾರುಬಾರು ಬಹಳ ವರ್ಷ ಅವನ ಕೈಯಲ್ಲಿತ್ತು. ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿತ್ತು. ದಾಸೋಹಕ್ಕೆ ಎಷ್ಟು ಅಕ್ಕಿ, ಇವತ್ತು ಯಾವ ಸಾರು, ಬಂದವರಿಗೆ ಯಾವ ಕೋಣೆ, ಎಲ್ಲವೂ ಅವನು ಹೇಳಿದ ಹಾಗೆ. ಹಿಂದಿನ ಹುಣ್ಣಿಮೆಗೆ ಗುರುಗಳಾದ ಅಜ್ಜಯ್ಯ ಆ ಬೀಗದ ಕೈಯನ್ನು ಬೇರೊಬ್ಬನಿಗೆ ಕೊಟ್ಟರು. ಮರುಳಯ್ಯ ತಪ್ಪು ಮಾಡಿದ ಎಂದಲ್ಲ. ದುಡಿದಿದ್ದಾನೆ, ಇನ್ನು ಕೂರಲಿ ಎಂದು.

ಅವನು ಕೂರಲಿಲ್ಲ. ಅಡುಗೆಮನೆಗೆ ಹೋಗಿ ಸಾರಿನ ಉಪ್ಪು ನೋಡುತ್ತಿದ್ದ. ಬಾಗಿಲಿಗೆ ಬಂದು, ಬಂದವರಿಗೆ ಕೋಣೆ ತೋರಿಸುತ್ತಿದ್ದ. ಹೊಸಬ ಏನು ಮಾಡಿದರೂ "ಹಾಗಲ್ಲ, ಹೀಗೆ" ಅನ್ನುತ್ತಿದ್ದ. ಒಂದು ದಿನ ಹೊಸಬನಿಗೂ ಸಾಕಾಯಿತು. "ಅಣ್ಣ, ನೀವು ಹೋಗಿ ಮಲಗಿ" ಅಂದ. ಮರುಳಯ್ಯ ಹೋಗಿ ಮಲಗಲಿಲ್ಲ, ಬಟ್ಟೆಯ ಗಂಟು ಕಟ್ಟಿದ. ಮಠವನ್ನೇ ಬಿಡುವುದೆಂದು ಗಟ್ಟಿ ಮಾಡಿಕೊಂಡು, ಹೋಗುವ ಮುಂಚೆ ಅಜ್ಜಯ್ಯನ ಎದುರು ನಿಂತು ಈ ಪ್ರಶ್ನೆ ಕೇಳಿದ.

"ಗಂಟು ಕೆಳಗಿಡು. ಕೂತುಕೋ" ಅಂದರು ಅಜ್ಜಯ್ಯ.

ಅವನು ಕೂತ. ಗಂಟು ಮಾತ್ರ ಮಡಿಲಲ್ಲೇ ಇತ್ತು. ಅಜ್ಜಯ್ಯ ಅದನ್ನು ನೋಡಿಯೂ ನೋಡದವರ ಹಾಗೆ ಈ ಕತೆ ಹೇಳಿದರು.

ಒಬ್ಬ ಮಂತ್ರಿ ಇದ್ದ. ಕೆಟ್ಟವನೇನಲ್ಲ. ಬೆಳಗಾದರೆ ಅವನ ಮನೆಯ ಮುಂದೆ ಜನ. ಅಂಗಳದ ತುಂಬ ಕುರ್ಚಿ ಹಾಕಿಸುತ್ತಿದ್ದ. ಒಬ್ಬನಿಗೆ ವರ್ಗಾವಣೆ ಬೇಕು, ಒಬ್ಬಳಿಗೆ ವಿಧವಾ ವೇತನ ಬೇಕು, ಇನ್ನೊಬ್ಬನ ತಂದೆಗೆ ದೊಡ್ಡಾಸ್ಪತ್ರೆಯಲ್ಲಿ ಒಂದು ಹಾಸಿಗೆ ಬೇಕು. ಎಲ್ಲರಿಗೂ ಅವನದು ಒಂದೇ ಮಾತು. "ಆಗ್ತದೆ, ಹೋಗಿ ಬನ್ನಿ." ಕೆಲವು ಆಗುತ್ತಿದ್ದವು. ಕೆಲವು ಆಗುತ್ತಿರಲಿಲ್ಲ. ಆಗದವರು ಮತ್ತೆ ಬರುತ್ತಿದ್ದರು. ಅವರಿಗೂ ಅದೇ ಮಾತು. ಆದರೆ ಒಂದು ನೇಮ ಅವನಿಗಿತ್ತು, ಅದನ್ನು ಹೇಳಬೇಕು. ಬಂದವರೆಲ್ಲ ಎದ್ದು ಹೋಗುವ ತನಕ ಅವನು ಊಟದ ಎಲೆಯ ಮುಂದೆ ಕೂರುತ್ತಿರಲಿಲ್ಲ.

ಚುನಾವಣೆ ಬಂತು. ಸೋತ. ಗೂಟದ ಕಾರು ಹೋಯಿತು. ಬಾಗಿಲಲ್ಲಿದ್ದ ಪೊಲೀಸಿನವನು ಹೋದ. ಹಿಂದೆ ಮುಂದೆ ಓಡಾಡುತ್ತಿದ್ದವರು ಗೆದ್ದವನ ಮನೆಗೆ ಹೋದರು. ಅವರಿಗೆ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ.

ಅವನು ಮಾತ್ರ ಎಂದಿನ ಹಾಗೇ ಎದ್ದು, ಮಿಂದು, ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಅಂಗಳಕ್ಕೆ ಬರುತ್ತಿದ್ದ. ಕುರ್ಚಿಗಳನ್ನು ತಾನೇ ಹಾಕುತ್ತಿದ್ದ. ಕೂರುತ್ತಿದ್ದ, ಏಳುತ್ತಿದ್ದ. ಗೇಟಿನ ತನಕ ಹೋಗುತ್ತಿದ್ದ, ಬರುತ್ತಿದ್ದ. ಹೆಂಡತಿಯ ಫೋನಿನಿಂದ ತನ್ನ ಫೋನಿಗೆ ಕರೆ ಮಾಡಿ, ಗಂಟೆ ಬರುತ್ತದೋ ಇಲ್ಲವೋ ನೋಡುತ್ತಿದ್ದ. ಗಂಟೆ ಬರುತ್ತಿತ್ತು. ಕರೆಯದ ಮದುವೆಗೂ ಹೋಗಿ ಮೈಕಿನ ಹತ್ತಿರ ನಿಲ್ಲುತ್ತಿದ್ದ. ಮೈಕಿನವನು ಬೇರೆ ಯಾರ ಹೆಸರನ್ನೋ ಹೇಳುತ್ತಿದ್ದ. ಅಕ್ಷತೆ ಹಾಕಿ, ಎಲೆಯ ಮುಂದೆ ಕೂರದೆ ಮನೆಗೆ ಬರುತ್ತಿದ್ದ. ಬಂದು, "ಯಾರಾದರೂ ಬಂದಿದ್ದರಾ?" ಅನ್ನುತ್ತಿದ್ದ.

"ಯಾರೂ ಇಲ್ಲ. ಊಟಕ್ಕೆ ಏಳಿ" ಅನ್ನುತ್ತಿದ್ದಳು ಹೆಂಡತಿ.

"ತಡಿ. ಇನ್ನೂ ಹೊತ್ತಿದೆ. ದೂರದವರು ಬಸ್ಸು ಹಿಡಿದು ಬರಬೇಕಲ್ಲ."

ಅನ್ನ ಆರುತ್ತಿತ್ತು. ಬಿಸಿ ಮಾಡುತ್ತಿದ್ದಳು. ಮತ್ತೆ ಆರುತ್ತಿತ್ತು. ಹೊತ್ತು ಇಳಿದ ಮೇಲೆ ನಾಲ್ಕು ತುತ್ತು ತಿಂದು ಏಳುತ್ತಿದ್ದ. ಅಂಗಿಯ ಕಾಲರಿನೊಳಗೆ ಕುತ್ತಿಗೆ ದಿನೇ ದಿನೇ ಸಣ್ಣಗಾಯಿತು. ವೈದ್ಯರು ನೋಡಿ, ರೋಗವೇನೂ ಇಲ್ಲ ಅಂದರು. ರೋಗ ಇಲ್ಲದೆಯೂ ಮನುಷ್ಯ ಹೋಗಿಬಿಡುತ್ತಾನೆ ಎಂದು ಹೆಂಡತಿಗೆ ಭಯ ಹತ್ತಿತು.

ಆ ಮನೆಗೆ ದಿನಾ ಹೂ ಕೊಡುವವಳೊಬ್ಬಳಿದ್ದಳು. ಹೆಂಡತಿ ಅವಳನ್ನು ಹಿತ್ತಲಿಗೆ ಕರೆದು ಕೈಹಿಡಿದಳು. "ನೋಡೇ, ಒಂದು ಉಪಕಾರ ಮಾಡು. ಏನಾದರೂ ಒಂದು ಕಷ್ಟ ಹೇಳಿಕೊಂಡು ಅವರ ಹತ್ತಿರ ಬಾ."

ಹೂವಿನವಳು ಬಾಯಿ ಮೇಲೆ ಸೆರಗಿಟ್ಟುಕೊಂಡಳು. "ಏನಮ್ಮಾವ್ರೆ, ಕಷ್ಟಕ್ಕೂ ಬಡತನ ಬಂತಾ ನಿಮ್ಮ ಮನೇಲಿ?"

"ನಗಬೇಡ ಮಾರಾಯ್ತಿ. ಒಂದು ಹೊತ್ತು ಅವರು ಸರಿಯಾಗಿ ಉಣ್ಣಲಿ."

ಹೂವಿನವಳು ನಗು ನಿಲ್ಲಿಸಿದಳು. ಮರುದಿನ ಮುಂದಿನ ಬಾಗಿಲಿಂದಲೇ ಬಂದು, ಅಂಗಳದ ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು. "ಸಾಹೇಬ್ರೆ, ನಮ್ಮ ಬೀದಿ ನಲ್ಲೀಲಿ ನೀರೇ ಬರ್ತಿಲ್ಲ. ನೀವೇ ಏನಾದ್ರೂ ಮಾಡಬೇಕು."

ಅವನ ಮುಖ ನೋಡಬೇಕಿತ್ತು. ಎದ್ದು ನಿಂತ. "ಆಗ್ತದೆ, ಹೋಗಿ ಬಾ" ಅಂದ. ಆವತ್ತು ಬಡಿಸಿದ್ದೆಲ್ಲ ಉಂಡ, ಮತ್ತೊಮ್ಮೆ ಅನ್ನ ಹಾಕಿಸಿಕೊಂಡ. ಹೆಂಡತಿ ದೇವರ ಮುಂದೆ ದೀಪ ಹಚ್ಚಿದಳು. ಮುಗಿಯಿತು ಅಂದುಕೊಂಡಳು.

ಮುಗಿಯಲಿಲ್ಲ. ಅವನು ನೀರಿನ ಕಚೇರಿಗೆ ಫೋನು ಮಾಡಿದ. ಎತ್ತಲಿಲ್ಲ. ತಾನೇ ಹೋದ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಒಂದು ಕಾಲಕ್ಕೆ ಆ ಕಚೇರಿಗೆ ಅವನು ಬರುತ್ತಾನೆಂದರೆ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಈಗ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತವನೂ ಸರಿದು ಜಾಗ ಬಿಡಲಿಲ್ಲ. ಮರುದಿನ ಹೋದ. ಅದರ ಮರುದಿನವೂ ಹೋದ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದ. ಕೊನೆಗೆ ಎಂಜಿನಿಯರನಿಗೆ ಅವನನ್ನು ನೋಡಿ ನೋಡಿ ಸಾಕಾಯಿತು. "ಬನ್ನಿ ಸರ್, ಈಗಲೇ ನೋಡಿ ಬರೋಣ" ಎಂದು ಜೀಪು ಹತ್ತಿಸಿಕೊಂಡ.

ಇಬ್ಬರೂ ಆ ಬೀದಿಗೆ ಬಂದು ಇಳಿದರು. ನಲ್ಲಿ ಭೋರೆಂದು ಸುರಿಯುತ್ತಿತ್ತು. ಹೆಂಗಸರು ಸಾಲಾಗಿ ಕೊಡ ಇಟ್ಟಿದ್ದರು.

"ಸರ್, ಬರ್ತಾ ಇದೆಯಲ್ಲ" ಅಂದ ಎಂಜಿನಿಯರು.

"ಇವತ್ತು ಬಂದಿರಬೇಕು."

ಕೊಡ ಎತ್ತುತ್ತಿದ್ದವಳೊಬ್ಬಳು ತಿರುಗಿದಳು. "ಇವತ್ತು ಯಾಕೆ ಸಾಹೇಬ್ರೆ, ಈ ನಲ್ಲಿ ಹಾಕಿದಾಗಿನಿಂದ ಒಂದು ದಿನ ನಿಂತಿಲ್ಲ. ನಿಮ್ಮ ಮನೆ ಕೊಡಾನೂ ತಂದಿದ್ರೆ ತುಂಬಿಸಿಕೊಡ್ತಿದ್ವಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಂಜಿನಿಯರು ನಗಲಿಲ್ಲ, ಕೈಗಡಿಯಾರ ನೋಡಿಕೊಂಡ. ಜೀಪು ಹೋಯಿತು. ಅವನು ನಲ್ಲಿಯ ಪಕ್ಕ ನಿಂತೇ ಇದ್ದ. ಬಿಳಿ ಪಂಚೆಯ ಮೇಲೆಲ್ಲ ನೀರು ಸಿಡಿಯುತ್ತಿತ್ತು.

ಇಲ್ಲಿ ಮರುಳಯ್ಯ ಬಾಯಿ ಹಾಕಿದ. "ಪಾಪ, ಅಷ್ಟು ಜನರ ಮುಂದೆ! ಅವನಿಗೆ ಹೇಗಾಗಿರಬೇಡ!"

"ಹೌದು" ಅಂದರು ಅಜ್ಜಯ್ಯ. ಕತೆ ಮುಂದುವರಿಸಿದರು.

ಅವನು ಹೂವಿನವಳ ಮನೆ ಕೇಳಿಕೊಂಡು ಹೋದ. ಅದೇ ಬೀದಿ, ಒಂದೇ ಕೋಣೆಯ ಮನೆ. ಅವಳು ಆಗತಾನೆ ಬೆಳಗಿನ ವ್ಯಾಪಾರ ಮುಗಿಸಿ ಬಂದಿದ್ದಳು. ಅವನನ್ನು ಕಂಡು ಬುಟ್ಟಿ ಕೆಳಗಿಟ್ಟಳು.

"ಬರುವ ನೀರನ್ನು ಬರ್ತಿಲ್ಲ ಅಂದೆಯಲ್ಲ. ನಾನು ನಿನಗೆ ಏನು ಮಾಡಿದ್ದೆ?"

ಅವಳು ತಲೆ ತಗ್ಗಿಸಿದಳು. "ಅಮ್ಮಾವ್ರು ಒಂದು ಕಷ್ಟ ಹೇಳು ಅಂದ್ರು. ಬರದೇ ಇರೋ ನಲ್ಲಿ ಹೇಳಿದ್ರೆ ನೀವು ಅಲೆದಲೆದು ಸೋಲ್ತೀರಿ. ಬರೋ ನಲ್ಲಿ ಹೇಳಿದ್ರೆ, ನೀವು ಯಾವತ್ತೋ ಬಂದು ನೋಡಿದಾಗ ನೀರು ಬರ್ತಿರ್ತದೆ. ನಮ್ಮ ಸಾಹೇಬ್ರು ಹೇಳಿದ್ದಕ್ಕೇ ಬಂತು ಅಂದ್ರೆ ನಿಮಗೆ ಸಂತೋಷ ಆಗ್ತದೆ ಅಂದುಕೊಂಡೆ. ಎಂಜಿನಿಯರನ್ನ ಕಟ್ಟಿಕೊಂಡು ಬರ್ತೀರಿ ಅಂತ ನನಗೇನು ಗೊತ್ತು?"

ಅವನಿಗೆ ಬೈಯಲೂ ಆಗಲಿಲ್ಲ. "ನಿನಗೆ ನಿಜವಾದ ಕಷ್ಟ ಒಂದೂ ಇಲ್ಲವಾ?" ಅಂದ.

"ಇದೆ ಬಿಡಿ. ಅದು ಮಂತ್ರಿಗಳ ಹತ್ತಿರ ಹೇಳೋ ಅಂಥದ್ದಲ್ಲ."

"ಹೇಳು."

ಅವಳು ಒಳಗೆ ಕೈ ತೋರಿಸಿದಳು. ಅವಳ ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಎರಡು ಕಣ್ಣೂ ಇಲ್ಲ. "ನಾನು ಹೂ ಮಾರೋಕೆ ಹೋದರೆ ಹಗಲೆಲ್ಲ ಇವರು ಒಬ್ಬರೇ. ಯಾರೋ ಬಂದರು, ಯಾರೋ ಬಂದರು ಅಂತ ಬಾಗಿಲಿಗೇ ಕಿವಿ ಕೊಟ್ಟು ಕೂತಿರ್ತಾರೆ. ಯಾರೂ ಬರೋದಿಲ್ಲ. ನಾನು ಮನೆಗೆ ಬಂದ ಕೂಡಲೇ ಯಾರು ಬಂದಿದ್ದರು ಹೇಳು ಅಂತ ನನ್ನನ್ನೇ ಕೇಳ್ತಾರೆ. ಇದಕ್ಕೆ ನೀವು ಯಾವ ಕಚೇರಿಗೆ ಹೋಗ್ತೀರಿ?"

ಹೇಳಿ, ಬುಟ್ಟಿ ಎತ್ತಿಕೊಂಡು ಸಂಜೆಯ ವ್ಯಾಪಾರಕ್ಕೆ ಹೂ ತರಲು ಹೊರಟಳು. ಅವನು ಹೊಸ್ತಿಲ ಬಳಿ ಉಳಿದ. ಹೋಗೋಣ ಎಂದರೆ ನಲ್ಲಿಯ ಹೆಂಗಸರು ಇನ್ನೂ ಅಲ್ಲೇ ಇದ್ದರು. ಒಳಗೆ ಹೋದ.

"ಯಾರಪ್ಪಾ?" ಅಂದಳು ಮುದುಕಿ.

"ನಾನಮ್ಮ. ಸುಮ್ಮನೆ ಬಂದೆ" ಅಂದ.

"ಸುಮ್ಮನೆ ಯಾರು ಬರ್ತಾರೆ? ಓಟು ಬಂತಾ?"

"ಇಲ್ಲ."

"ಹಾಗಾದರೆ ಕೂತ್ಕೋ." ಅವಳು ಚಾಪೆಯ ಮೇಲೆ ಕೈಯಾಡಿಸಿ ಜಾಗ ತೋರಿಸಿದಳು. "ಒಂದು ಸಲ ಮಂತ್ರಿಯೊಬ್ಬ ಈ ಬೀದೀಲಿ ಬಂದಿದ್ದನಂತೆ. ಇದೇ ಬಾಗಿಲಲ್ಲಿ ನಿಂತು ನನಗೆ ಕೈಮುಗಿದನಂತೆ. ಪಕ್ಕದ ಮನೆಯವಳು ಆಮೇಲೆ ಹೇಳಿದಳು. ಬಾಯಿ ಬಿಟ್ಟು ಒಂದು ಮಾತಾಡಲಿಲ್ಲ ಪುಣ್ಯಾತ್ಮ. ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಕುರುಡಿಗೆ ಕೈಮುಗಿದರೆ ಏನು ಬಂತು ಹೇಳು?"

ಆ ಮಂತ್ರಿ ತಾನೇ ಎಂದು ಅವನು ಹೇಳಲಿಲ್ಲ. ಏಳಲು ನೋಡಿದ.

"ಹೊರಟೆಯಾ?" ಅಂದಳು.

"ಇಲ್ಲ. ಕಾಲು ಹಿಡಿದುಕೊಂಡಿತ್ತು."

ಮತ್ತೆ ಕೂತ. ಮತ್ತೆ ಎದ್ದ. ಅವಳು ಮತ್ತೆ, "ಹೊರಟೆಯಾ?" ಅಂದಳು. ಅವನು ಕಿಟಕಿಯ ಹತ್ತಿರ ಹೋಗಿ ನಿಂತ, ಫೋನು ತೆಗೆದು ನೋಡಿದ, ಒಳಗಿಟ್ಟ. ಕಣ್ಣಿಲ್ಲದವಳಿಗೆ ಅವನ ಕಾಲ ಸಪ್ಪಳವೇ ಎಲ್ಲ ಹೇಳುತ್ತಿತ್ತು.

"ಅದೇನಪ್ಪಾ ನಿನ್ನದು, ಬಾಣಲೆಗೆ ಬಿದ್ದ ಸಾಸಿವೆ ಹಾಗೆ! ಬಾ ಇಲ್ಲಿ. ನನ್ನ ಕಾಲು ಮಡಚೋಕೆ ಬರೋದಿಲ್ಲ. ನಿನ್ನ ಕಾಲಿನ ಹೆಬ್ಬೆರಳಿಗೆ ಈ ದಾರ ಸುತ್ತಿಕೋ. ಸೇವಂತಿಗೆ ಸ್ವಲ್ಪ ಉಳಿದಿದೆ, ಕಟ್ಟಿಬಿಡ್ತೀನಿ."

ಊರೂರಲ್ಲಿ ಅವನಿಗೆ ಹಾರ ಹಾಕಿದ್ದರು. ಹಾಕಿದ ಕೂಡಲೇ ತೆಗೆದು ಹಿಂದಿದ್ದವನ ಕೈಗೆ ಕೊಡುವುದು ಅವನಿಗೆ ಅಭ್ಯಾಸ. ಕಟ್ಟುವುದನ್ನು ಹತ್ತಿರದಿಂದ ನೋಡಿರಲಿಲ್ಲ. ಕಾಲು ಚಾಚಿ ಹೆಬ್ಬೆರಳಿಗೆ ದಾರ ಸುತ್ತಿಕೊಂಡ. ಮುದುಕಿ ಬೆರಳಲ್ಲಿ ತಡವಿ ಹೂವಿಗೆ ಹೂ ಜೋಡಿಸಿ ಗಂಟು ಹಾಕುತ್ತಾ ಹೋದಳು. ಅವನು ಅಲುಗಿದರೆ ಸಾಕು, "ಎಳೀಬೇಡ, ಗಂಟು ಸಡಿಲ ಆಗ್ತದೆ" ಅನ್ನುತ್ತಿದ್ದಳು. ಕಟ್ಟುತ್ತಾ ಕಟ್ಟುತ್ತಾ ಮಾತಾಡಿದಳು. ಗಂಡನ ಮಾತು, ಅವನು ಸಾಕಿದ್ದ ಕುಂಟು ಎತ್ತಿನ ಮಾತು, ಕನಕಾಂಬರಕ್ಕೆ ದೇವರು ವಾಸನೆ ಕೊಡದೆ ಮೋಸ ಮಾಡಿದ ಮಾತು. ಅವನು ಮೊದಲು ಹ್ಞೂಂ ಅಂದ. ಆಮೇಲೆ ಒಂದೆರಡು ಕಡೆ ನಕ್ಕ. ಎತ್ತಿಗೆ ಕುಂಟು ಹೇಗಾಯಿತು ಎಂದು ತಾನಾಗಿಯೇ ಕೇಳಿದ.

ಹೂ ಮುಗಿಯಿತು. ಅವಳು ದಾರ ಕಡಿದಳು. ಬಿಸಿಲು ಇಳಿದಿತ್ತು. ಅವನು ಎದ್ದು ಚಪ್ಪಲಿ ಮೆಟ್ಟಿದ.

"ನಾಳೆ ಬರ್ತೀಯಾ?" ಅಂದಳು ಮುದುಕಿ.

ಬದುಕೆಲ್ಲ ಅವನು ಜನರಿಗೆ ಮಾತು ಕೊಟ್ಟವನು. ಕೊಡಲು ಅವನಿಗೆ ಒಂದು ಗಳಿಗೆಯೂ ಬೇಕಾಗುತ್ತಿರಲಿಲ್ಲ. ಕಾರು ಹತ್ತುತ್ತಾ ಕೊಡುತ್ತಿದ್ದ, ಇಳಿಯುತ್ತಾ ಕೊಡುತ್ತಿದ್ದ. ಆವತ್ತು ಬರ್ತೀನಿ ಅನ್ನುವ ಒಂದು ಮಾತಿಗೆ ಅವನ ನಾಲಿಗೆ ಏಳಲಿಲ್ಲ. ಹೇಳಿದರೆ ಬರಬೇಕಾಗುತ್ತದೆ. ಮುದುಕಿ ಬಾಗಿಲ ಕಡೆ ಕಿವಿ ತಿರುಗಿಸಿ ಕಾದಳು. ಅವನು ಹೊಸ್ತಿಲ ಮೇಲೆ ಒಂದು ಕಾಲು, ಬೀದಿಯಲ್ಲಿ ಒಂದು ಕಾಲು ಇಟ್ಟು ನಿಂತಿದ್ದ.

ಅಜ್ಜಯ್ಯ ಅಲ್ಲಿಗೇ ನಿಲ್ಲಿಸಿದರು.

ಮರುಳಯ್ಯ ಕಾದ. ಅಜ್ಜಯ್ಯ ಮುಂದೆ ಹೇಳುವಂತೆ ಕಾಣಲಿಲ್ಲ.

"ಆಮೇಲೆ? ಬರ್ತೀನಿ ಅಂದನೇ?" ಅಂದ.

ಮರುಳಯ್ಯ ಮುಂದಕ್ಕೆ ಸರಿದು ಕೂತ.

"ಮರುದಿನ ಹೋದನೇ? ಅವನ ಮನಸ್ಸು ಒಂದು ಕಡೆ ನಿಂತಿತೇ? ಮತ್ತೆ ಚುನಾವಣೆಗೆ ನಿಂತು ಗೆದ್ದನೇ? ಕೊನೆಗೆ ಅವನು ಏನಾದ, ಅಜ್ಜಯ್ಯ?"

ಅಜ್ಜಯ್ಯ ಅವನ ಮುಖ ನೋಡಿ ಹೇಳಿದರು: "ಬರೀ ಅವನ ವಿಷಯವನ್ನೇ ಕೇಳಿದೆ ಮರುಳಯ್ಯ, ಮರುದಿನ ಆ ಮುದುಕಿ ಎಷ್ಟು ಹೊತ್ತು ಕಾದಳು ಎಂದು ಕೇಳಲಿಲ್ಲ."